ಗೋಡೆಯಾಚೆಯ ನಲ್ಲಿ

ನಮ್ಮ ಯಜಮಾನರಿಗೆ ತಮ್ಮ ಬಾವಿಯ ಮೇಲಿದ್ದ ಹೆಮ್ಮೆ ಹೆತ್ತ ಮಕ್ಕಳ ಮೇಲೂ ಇರಲಿಲ್ಲ. ಮಕ್ಕಳು ಎದುರು ಮಾತಾಡುತ್ತಿದ್ದವು, ಬಾವಿಗೆ ಆ ಚಾಳಿ ಇರಲಿಲ್ಲ. ಊರ ಕೊಳಾಯಿ ನೀರಿಗೆ ಔಷಧಿಯ ವಾಸನೆ, ನಮ್ಮದು ಕನ್ನಡಿಯಂಥ ಸಿಹಿನೀರು. ಅದಕ್ಕೇ ಕಾಂಪೌಂಡ್ ಗೋಡೆಗೆ ತೂತು ಕೊರೆಸಿ ಆಚೆ ಬದಿಗೆ ಒಂದು ನಲ್ಲಿ ಹಾಕಿಸಿದ್ದರು. ಬೀದಿಯವರೆಲ್ಲ ಕ್ಯಾನು ತಂದು ಹಿಡಿದುಕೊಂಡು, ಹೋಗುವಾಗ ಒಂದು ನಮಸ್ಕಾರ ಹಾಕಿ ಹೋಗುತ್ತಿದ್ದರು. ಆ ನಮಸ್ಕಾರಕ್ಕಾಗಿಯೇ ಇವರು ಬೆಳಿಗ್ಗೆ ಪೇಪರ್ ಹಿಡಿದು ಗೇಟಿನ ಹತ್ತಿರ ಕುರ್ಚಿ ಹಾಕಿಕೊಳ್ಳುತ್ತಿದ್ದದ್ದು. ನಾನು ಆಡಿಕೊಳ್ಳುತ್ತಿದ್ದೆ ನಿಜ, ಆದರೆ ಆ ನಮಸ್ಕಾರದಲ್ಲಿ ನನ್ನ ಪಾಲನ್ನೂ ಬಿಡುತ್ತಿರಲಿಲ್ಲ.

ನಮ್ಮದು ಗುಲಾಬಿ ಬೆಳೆ. ಮದುವೆಯಾದ ಹೊಸದರಲ್ಲಿ ಪ್ಲಾಸ್ಟಿಕ್ ಹೊದಿಕೆಯ ಒಂದು ಪಾಲಿಹೌಸ್ ಇತ್ತು, ಆಮೇಲೆ ಒಂದೊಂದಾಗಿ ಮನೆಯ ಹಿಂದಿನ ಜಾಗವನ್ನೆಲ್ಲ ತುಂಬಿಕೊಂಡವು. ಹನಿ ನೀರಿನ ಪೈಪಿಗೇ ಯೂರಿಯಾ ಕರಗಿಸಿ ಬಿಡುವುದು ರೂಢಿ. ಗೊಬ್ಬರದಂಗಡಿಯ ಚೀಟಿಯಲ್ಲಿ ಇಷ್ಟು ಅಂತ ಬರೆದಿದ್ದರೆ ನಮ್ಮವರು ಇನ್ನೊಂದು ಮಗ್ಗು ಧಾರಾಳವಾಗಿ ಸುರಿಯುತ್ತಿದ್ದರು. ಗಿಡಕ್ಕೆ ಕೈ ಬಿಗಿ ಹಿಡಿಯಬಾರದು ಎನ್ನುವುದು ಅವರ ವಾದ.

ಈ ಸಲ ಎಲೆಯ ಅಂಚು ಸುಡತೊಡಗಿತು. ಹೂವು ಕೊಳ್ಳುವ ಕಂಪನಿಯವರು ನೀರು ಪರೀಕ್ಷೆ ಮಾಡಿಸಿ ಎಂದರು. ಲ್ಯಾಬಿನ ಹುಡುಗಿ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು.

“ನಿಮ್ಮ ನೀರಲ್ಲಿ ನೈಟ್ರೇಟ್ ಮಿತಿ ಮೀರಿದೆ, ಅದೂ ಎಷ್ಟೋ ಪಟ್ಟು. ಕುಡಿಯೋಕೆ ಬಳಸ್ತೀರಾ?”

“ಅದು ಒಳ್ಳೇ ನೀರಮ್ಮ,” ಎಂದರು ಇವರು.

“ಬಣ್ಣ ಇರಲ್ಲ, ವಾಸನೆ ಇರಲ್ಲ, ಗೊತ್ತಾಗಲ್ಲ. ಗಿಡ ತಿಂದು ಮಿಕ್ಕಿದ ಗೊಬ್ಬರ ಕೆಳಗಿಳಿಯುತ್ತೆ. ನೀವು ಎಷ್ಟೋ ವರ್ಷದ ಹಿಂದೆ ಹಾಕಿದ್ದು ಈಗ ಬಾವಿಗೆ ಬರ್ತಿರಬಹುದು. ಇವತ್ತೇ ನಿಲ್ಲಿಸಿದ್ರೂ ದಾರಿಯಲ್ಲಿರೋದು ಬಂದೇ ಬರುತ್ತೆ. ಹಾಲುಗೂಸಿಗಂತೂ ಈ ನೀರು ಕೊಡಲೇಬಾರದು, ಮೈ ನೀಲಿಗಟ್ಟಿಬಿಡುತ್ತೆ.”

ಹೂವು ಸಾಗಿಸುವ ನಮ್ಮ ವ್ಯಾನಿನಲ್ಲಿ ಮನೆಗೆ ಹೊರಟೆವು. ನಮ್ಮ ಬೀದಿಯಲ್ಲಿ ಇದ್ದದ್ದು ಒಂದೇ ಹಾಲುಗೂಸು, ಎದುರು ಮನೆಯ ಮೋಟಾರ್ ಮೆಕ್ಯಾನಿಕ್ಕನದು. ಬೀದಿಯವರು ಅವನನ್ನು ಗ್ರೀಸು ಎಂದೇ ಕರೆಯುವುದು. ಅವನ ಹೆಂಡತಿಗೆ ಎದೆಹಾಲು ಸಾಲದೆ ಮಗುವಿಗೆ ಪುಡಿಹಾಲು ಕಲಸಿ ಕೊಡುತ್ತಿದ್ದಳು. ನೀರು ನಮ್ಮದೇ.

“ಮೋಟಾರ್ ಕೆಟ್ಟಿದೆ ಅಂತ ಹೇಳೋಣ,” ಎಂದರು ಯಜಮಾನರು. “ನಲ್ಲಿ ಬಂದ್ ಆದ್ರೆ ಆಯ್ತಲ್ಲ. ಇಷ್ಟು ವರ್ಷ ವಿಷ ಕುಡಿಸಿದೆ ಅಂತ ನಾನು ಯಾವ ಮುಖ ಇಟ್ಕೊಂಡು ಹೇಳಲಿ? ನಿಧಾನಕ್ಕೆ ಹೇಳಿದರಾಯ್ತು.”

ಇನ್ಯಾವ ವಿಷಯಕ್ಕಾದರೂ ನಾನು ಅವರ ಜನ್ಮ ಜಾಲಾಡಿಬಿಡುತ್ತಿದ್ದೆ. ಆದರೆ ಹೂಂ ಎಂದೆ. ಗೇಟಿನ ಹತ್ತಿರ ತಲೆ ತಗ್ಗಿಸಿ ನಿಲ್ಲುವುದು ನನಗೂ ಬೇಡವಾಗಿತ್ತು.

ಮೋಟಾರ್ ಕೆಟ್ಟಿದೆ ಎಂದ ತಕ್ಷಣ ಮೆಕ್ಯಾನಿಕ್ಕು ಸುಮ್ಮನಿರುತ್ತಾನೆಯೇ? ಅಷ್ಟು ಸರಳ ವಿಷಯ ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ಗ್ರೀಸು ಸ್ಪ್ಯಾನರ್ ಚೀಲ ಹೊತ್ತು ಬಂದೇಬಿಟ್ಟ. ಖಾಲಿ ಕ್ಯಾನು ಹಿಡಿದ ಬೀದಿಯವರೂ ಹಿಂದೆಯೇ ಬಂದರು. ಅವನು ಪಂಪಿನ ಮನೆಯೊಳಗೆ ಕೂತು ಮೋಟಾರಿನ ಮುಚ್ಚಳ ಬಿಚ್ಚಿದ, ನೋಡಿದ, ಮತ್ತೆ ನೋಡಿದ. ನನಗೆ ನಿಂತ ನೆಲ ಕುಸಿಯಬಾರದೇ ಅನ್ನಿಸಿತು. ಅವನು ಎದ್ದು ಕೈ ಒರೆಸಿಕೊಂಡು, “ವೈಂಡಿಂಗ್ ಸುಟ್ಟುಹೋಗಿದೆ. ತುಂಬಾ ದಿನ ಆಗುತ್ತೆ. ಎಲ್ರೂ ಬೇರೆ ಕಡೆ ನೋಡ್ಕೊಳ್ಳಿ,” ಎಂದು ಬೀದಿಯವರನ್ನು ಕಳಿಸಿಬಿಟ್ಟ.

ಅವನು ಹೋದ ಮೇಲೆ ಯಜಮಾನರು ಅನುಮಾನದಿಂದ ಸ್ವಿಚ್ ಹಾಕಿ ನೋಡಿದರು. ಮೋಟಾರ್ ಗುಂಯ್ ಎಂದು ಓಡಿತು. ತಕ್ಷಣ ಆರಿಸಿದರು.

“ಇವನೂ ಒಬ್ಬ ಮೆಕ್ಯಾನಿಕ್ಕು! ಇವನ ಕೈಗೆ ಮಿಕ್ಸಿ ಕೊಟ್ರೂ ಕೆಲಸ ಕೆಟ್ಟಿತು,” ಎಂದು ನಕ್ಕರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಬೀಸುವ ದೊಣ್ಣೆ ತಪ್ಪಿತು ಎಂಬ ಸಮಾಧಾನದ ನಗು ಅದು.

ಆದರೂ ಮಗುವಿನ ಯೋಚನೆ ಬಿಡಲಿಲ್ಲ. ಎರಡು ದಿನ ಕಳೆದ ಮೇಲೆ ಅಂಗಡಿಯಿಂದ ಒಂದು ಕ್ಯಾನು ನೀರು ಕೊಂಡು ಅವರ ಮನೆಗೆ ಹೋದೆ. ಗ್ರೀಸಿನ ಹೆಂಡತಿ ಒಲೆಯ ಮೇಲೆ ಪಾತ್ರೆ ಇಟ್ಟಿದ್ದಳು.

“ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದ್ರಿ ಅಮ್ಮ? ನಿಮ್ಮ ನೀರೇ ಒಂದು ಕ್ಯಾನು ಇದೆಯಲ್ಲ. ನಾವಿಬ್ರೂ ಕೊಳಾಯಿದು ಕುಡೀತೀವಿ, ಇದನ್ನ ಮಗೂಗೆ ಅಂತಲೇ ಎತ್ತಿಟ್ಟಿದೀವಿ. ಇದ್ದಿದ್ದೂ ಕೆಡಬಾರದಲ್ಲ, ದಿನಾ ಚೆನ್ನಾಗಿ ಕುದಿಸಿಡ್ತೀನಿ.”

ಮಗುವನ್ನು ಎತ್ತಿ ನನ್ನ ಕೈಗೆ ಕೊಟ್ಟಳು. “ನಿನ್ನೆಯಿಂದ ಯಾಕೋ ಮಂಕಾಗಿದಾನೆ. ಥಂಡಿ ಇರಬೇಕು.”

ಮಗುವಿನ ತುಟಿ ನೇರಳೆ ತಿಂದ ಹಾಗಿತ್ತು. ಉಗುರೂ ಹಾಗೇ. “ಆಸ್ಪತ್ರೆಗೆ ನಡಿ, ಈಗಲೇ,” ಎಂದು ಕೂಗಿದೆ. ಯಾಕೆ ಎಂದು ಮಾತ್ರ ಹೇಳಲಿಲ್ಲ.

ಯಜಮಾನರು ವ್ಯಾನನ್ನು ಓಡಿಸಿದ ರೀತಿಗೆ ಗ್ರೀಸು ಸೀಟು ಬಿಗಿಹಿಡಿದು ಕೂತಿದ್ದ. ಆಸ್ಪತ್ರೆಯಲ್ಲಿ ನಾನು ಡಾಕ್ಟರನ್ನು ಪಕ್ಕಕ್ಕೆ ಕರೆದು ನೀರಿನ ವಿಷಯ ಪಿಸುಗುಟ್ಟಿದೆ. ಅವರು ನನ್ನನ್ನು ಒಂದು ಸಲ ದಿಟ್ಟಿಸಿ ಒಳಗೆ ಓಡಿದರು. ನಾವು ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ಗಂಟಲು ಒಣಗಿದ್ದರೂ ಯಾರೊಬ್ಬರೂ ನೀರು ಕೇಳಲಿಲ್ಲ.

ಕೊನೆಗೆ ಡಾಕ್ಟರು ಬಾಗಿಲು ತೆರೆದು, “ಮೈಬಣ್ಣ ವಾಪಸ್ ಬರ್ತಿದೆ, ಭಯ ಇಲ್ಲ. ಕುದಿಸಿದ್ರೆ ನೀರಲ್ಲಿರೋ ನೈಟ್ರೇಟ್ ಹೋಗಲ್ಲ, ನೀರು ಆವಿಯಾದಷ್ಟೂ ಹೆಚ್ಚಾಗುತ್ತೆ. ಈ ಅಮ್ಮ ಬಂದ ತಕ್ಷಣ ನೀರಿನ ವಿಷಯ ಹೇಳಿದ್ದಕ್ಕೆ ಬೇಗ ಔಷಧಿ ಕೊಡೋಕಾಯ್ತು,” ಎಂದರು. ತಾಯಿ ಒಳಗೆ ಓಡಿದಳು.

ಗ್ರೀಸು ಯಜಮಾನರ ಎರಡೂ ಕೈ ಹಿಡಿದುಕೊಂಡ. “ನನ್ನ ಮಗೂನ ಉಳಿಸಿಕೊಟ್ರಿ ಯಜಮಾನ್ರೇ. ಸಾಯೋವರೆಗೂ ಮರೆಯಲ್ಲ.” ಅವನು ಅಳುತ್ತಿದ್ದ. ಈ ಮನುಷ್ಯ ಈಗಲಾದರೂ ಬಾಯಿ ಬಿಟ್ಟಾರೇ ಎಂದು ನಾನು ಕಾದೆ. ಅವರು ಗೋಡೆ ನೋಡುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಉಕ್ಕಿತು. ಆಮೇಲೆ, ನಾನೂ ಅದೇ ಗೋಡೆ ನೋಡುತ್ತಿದ್ದೇನೆ ಎಂದು ಗೊತ್ತಾಯಿತು.

“ನಮಗೆ ಮೊದಲೇ ಗೊತ್ತಿತ್ತಪ್ಪ,” ಎಂದೆ. “ನಲ್ಲಿ ನಿಲ್ಲಿಸಿದ್ದೇ ಅದಕ್ಕೆ. ಮೋಟಾರ್ ಕೆಟ್ಟಿರಲಿಲ್ಲ.”

“ಕೆಟ್ಟಿರಲಿಲ್ಲ ಅಂತ ನಂಗೊತ್ತು ಅಮ್ಮ. ಬಿಚ್ಚಿ ನೋಡಿದೆನಲ್ಲ,” ಎಂದ. ಮಾತಿನಲ್ಲಿ ಸಿಟ್ಟಿರಲಿಲ್ಲ, ಏನನ್ನೋ ಹೊಂದಿಸಿಕೊಳ್ಳುತ್ತಿರುವವನ ಹಾಗೆ ತಡೆತಡೆದು ಹೇಳಿದ. “ಕೊಟ್ಟು ಕೊಟ್ಟು ನಿಮಗೆ ಸಾಕಾಗಿರಬೇಕು, ಬಾಯಿಬಿಟ್ಟು ಹೇಳೋಕೆ ಮುಜುಗರ ಇರಬೇಕು ಅಂದ್ಕೊಂಡೆ. ಬೀದಿಯವರ ಮುಂದೆ ನಿಮ್ಮ ಮರ್ಯಾದೆ ಹೋಗಬಾರದು ಅಂತ ವೈಂಡಿಂಗ್ ಸುಟ್ಟಿದೆ ಅಂದೆ. ಇನ್ನು ಅವರನ್ನ ಕೇಳೋದು ಬೇಡ, ಇರೋ ಒಂದು ಕ್ಯಾನು ಮಗೂಗೆ ಎತ್ತಿಡು ಅಂತ ಅವಳಿಗೆ ನಾನೇ…”

ಅಲ್ಲಿಗೆ ನಿಲ್ಲಿಸಿದ. ತಾನು ಹಿಡಿದುಕೊಂಡಿದ್ದ ಕೈಗಳನ್ನು ಒಮ್ಮೆ ನೋಡಿ, ಮೆಲ್ಲಗೆ ಬಿಟ್ಟ.