ಒಬ್ಬಳಿಗೆ ಆಗುವಷ್ಟು

ಬ್ಯಾಡ್ಮಿಂಟನ್ ಕೋಚ್ ಬಂದು ಆ ಮಾತು ಹೇಳಿದಾಗ ಹಲ್ಲಕ್ಕ ದೊಡ್ಡ ಮಗಳ ಶೂಗಳನ್ನು ಚೀಲಕ್ಕೆ ತುರುಕುತ್ತಿದ್ದಳು. ಹಲ್ಲಕ್ಕ ಎಂಬ ಹೆಸರು ಅವಳಿಗೆ ಕೆಲಸದಿಂದ ಅಂಟಿಕೊಂಡಿದ್ದು. ದಂತವೈದ್ಯರು ಕಳಿಸುವ ಅಚ್ಚುಗಳಿಗೆ ಪ್ಲಾಸ್ಟರ್ ಎರೆದು, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಅವಳು ಮದುವೆಗೆ ಮುಂಚಿನಿಂದಲೂ ಇದ್ದಳು. ಗಂಡ ಲಿಫ್ಟ್ ರಿಪೇರಿಯವನು, ಹಾಗಾಗಿ ಲಿಫ್ಟಣ್ಣ. ಒಬ್ಬರು ಜನರನ್ನ ಮೇಲೆ ಹತ್ತಿಸೋರು, ಇನ್ನೊಬ್ಬರು ಹತ್ತಿದವರನ್ನ ನಗಿಸೋರು ಎಂದು ಕಟ್ಟಡದ ಕೆಳಗಿನ ಇಸ್ತ್ರಿಯವನು ತಮಾಷೆ ಮಾಡುತ್ತಿದ್ದ.

"ಚಿಕ್ಕವಳನ್ನೂ ಸೇರಿಸಿ ಮೇಡಂ" ಎಂದ ಕೋಚ್.

ಅವಳು ತಲೆ ಎತ್ತಿದಳು. ಹೊಸ ಹಾಲ್‌ಗೆ ಬಂದ ಮೇಲೆ ಅಕಾಡೆಮಿಯವರು ಆಗಲೇ ಫೀಸು ಏರಿಸಿದ್ದರು. ಈಗ ಒಂದು ಮನೆಯಿಂದ ಎರಡು ಫೀಸು ಕೀಳುವ ಲೆಕ್ಕವೇ ಎಂದು ಅವಳಿಗೆ ಅನ್ನಿಸಿತು. ಅದು ಮುಖದಲ್ಲಿ ಕಂಡಿರಬೇಕು. ಕೋಚ್ ದುಡ್ಡಿಗಾಗಿ ಹೇಳುತ್ತಿಲ್ಲವೆಂದು ಬೇಸರದಿಂದಲೇ ಹೇಳಿದ. ಆಚೆ ಕೋರ್ಟಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ದೊಡ್ಡವಳ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ದೊಡ್ಡವಳಿಗೆ ಬರೋದೆಲ್ಲ ನಾನು ಕಲಿಸಿದ್ದು. ಚಿಕ್ಕವಳಿಗೆ ಯಾರೂ ಕಲಿಸಿಲ್ಲ. ಆದ್ರೂ ಬರುತ್ತೆ."

ಚಿಕ್ಕವಳು ಆಗ ಗೋಡೆ ಪಕ್ಕ ಕೂತು, ಗರಿ ಮುರಿದ ಶಟಲ್‌ಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲವೆಂದು ಅವಳನ್ನು ಅಕ್ಕನ ಜೊತೆ ಇಲ್ಲಿ ಕೂರಿಸುತ್ತಿದ್ದರು. ಕೂತಲ್ಲಿ ಕೂರುವ ಜಾತಿಯಲ್ಲ ಅದು. ಅಪ್ಪ ಅವಳನ್ನು ಚಿನಕುರಳಿ ಎಂದೇ ಕರೆಯುತ್ತಿದ್ದ. ಅಕ್ಕನ ಹಳೆ ರಾಕೆಟ್ ಹಿಡಿದು ಮೂಲೆಯ ಗೋಡೆಗೆ ಹೊಡೆಯುತ್ತಿರುವಳು, ಯಾರಾದರೂ ಜೊತೆಗಾರರಿಲ್ಲದೆ ನಿಂತಿದ್ದರೆ ಕರೆಯುವ ಮುಂಚೆಯೇ ಕೋರ್ಟಿಗಿಳಿದಿರುವಳು. ಹೊತ್ತು ಹೋಗಲಿ ಎಂದು ಆಡುತ್ತಾಳೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು.

ನೋಡೋಣ ಸರ್ ಎಂದಷ್ಟೇ ಹೇಳಿ ಹಲ್ಲಕ್ಕ ಮಕ್ಕಳಿಬ್ಬರನ್ನೂ ಕರೆದುಕೊಂಡು ಬಸ್ ಸ್ಟಾಪಿಗೆ ನಡೆದಳು. ನೋಡುವುದಕ್ಕೆ ಏನೂ ಇರಲಿಲ್ಲ. ದೊಡ್ಡವಳು ಶುರು ಮಾಡಿದ್ದು ಶಾಲೆಯ ಅಂಗಳದಲ್ಲಿ, ಪ್ಲಾಸ್ಟಿಕ್ ಶಟಲ್‌ನಲ್ಲಿ. ಆಗ ಅದು ಆಟವಾಗಿತ್ತು, ಖರ್ಚಾಗಿರಲಿಲ್ಲ. ಚೆನ್ನಾಗಿ ಆಡುತ್ತಾಳೆ ಎಂದು ಯಾರೋ ಹೇಳಿದರು, ಅಕಾಡೆಮಿಗೆ ಸೇರಿಸಿದರು. ಅಲ್ಲಿಂದ ಒಂದೊಂದೇ ಬಾಗಿಲು ತೆರೆಯುತ್ತ ಹೋಯಿತು, ಒಂದೊಂದು ಬಾಗಿಲಲ್ಲೂ ಯಾರೋ ಕೈಚಾಚಿ ನಿಂತಿರುತ್ತಿದ್ದರು. ಗರಿಯ ಶಟಲ್ ಒಂದು ಡಬ್ಬಿ ಒಂದು ಬೆಳಗಿಗೆ ಸಾಲದು. ರಾಕೆಟ್ಟಿನ ಗಟ್ ದಾರ ಕಿತ್ತುಹೋಗುವುದು, ಶೂ ಸವೆಯುವುದು, ಸವೆಯದಿದ್ದರೆ ಕಾಲು ಬೆಳೆಯುವುದು. ಮೈ ಗಟ್ಟಿ ಮಾಡಿಸಲು ಬೇರೆ ಮಾಸ್ತರು. ಪಂದ್ಯ ಬೇರೆ ಊರಲ್ಲಿದ್ದರೆ ಅಪ್ಪನೋ ಅಮ್ಮನೋ ಕೂಲಿ ಬಿಟ್ಟು ಹೋಗಬೇಕು, ಹೋದ ಮೇಲೆ ಉಳಿಯಬೇಕು, ಉಳಿದ ಮೇಲೆ ಉಣ್ಣಬೇಕು. ಮೊದಲ ಸುತ್ತಿನಲ್ಲೇ ಸೋತರೂ ಖರ್ಚೇನೂ ಕಮ್ಮಿಯಾಗುವುದಿಲ್ಲ. ಲಿಫ್ಟಣ್ಣ ರಜೆಯ ದಿನಗಳಲ್ಲೂ ಕರೆ ಬಂದರೆ ಓಡುತ್ತಿದ್ದ. ಅವಳು ಹೊಟ್ಟೆಬಟ್ಟೆ ಕಟ್ಟಿ ಉಳಿಸುತ್ತಿದ್ದಳು. ಹೇಗೋ ಏಗುತ್ತಿತ್ತು. ಒಬ್ಬಳಿಗೆ.

ವಾರವಿಡೀ ಅವಳು ಆ ಮಾತನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಳು. ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಸ್ಟೌ ಮೇಲೆ ಹಾಲಿಟ್ಟು ಬಟ್ಟೆ ಮಡಚಲು ಹೋಗುವಳು, ಬಟ್ಟೆ ಅರ್ಧಕ್ಕೆ ಬಿಟ್ಟು ಕಿಟಕಿಗೆ ಬರುವಳು. ಕೆಳಗೆ ಚಿಕ್ಕವಳು ಮೆಟ್ಟಿಲ ಗೋಡೆಗೆ ಶಟಲ್ ಹೊಡೆಯುವ ಸದ್ದು ಕೇಳುತ್ತಿತ್ತು. ಮೊದಲು ಕಿವಿಗೂ ಬೀಳದಿದ್ದ ಆ ಸದ್ದು ಈಗ ತಲೆಯೊಳಗೇ ಬಡಿದಂತಾಗುತ್ತಿತ್ತು. ಲ್ಯಾಬಿನಲ್ಲಿ ಯಾರದ್ದೋ ಸೆಟ್ಟಿಗೆ ಎಡಗಡೆಯ ಕೋರೆಹಲ್ಲನ್ನು ಬಲಗಡೆ ಕೂರಿಸಿಬಿಟ್ಟಳು. ಪಾಲಿಶ್ ಮಾಡುವ ಹುಡುಗಿ ನೋಡಿದ್ದರಿಂದ ಸರಿಹೋಯಿತು. ಇಲ್ಲದಿದ್ದರೆ ಪಾಪ ಯಾರೋ ಒಬ್ಬರು ಬಾಯಿ ಸೊಟ್ಟಗೆ ಮಾಡಿಕೊಂಡು ಅಗಿಯಬೇಕಿತ್ತು.

ಕೊನೆಗೆ ಗಂಡನಿಗೆ ಹೇಳಿದಾಗ ಅವನು ಹಿಗ್ಗಿಹೋದ. ನನ್ನ ಚಿನಕುರಳಿ, ನಾನು ಮೊದಲೇ ಹೇಳಿರಲಿಲ್ಲವೇ ಎಂದ. ಹಾಗೇನೂ ಅವನು ಯಾವತ್ತೂ ಹೇಳಿರಲಿಲ್ಲ. ಇಬ್ಬರನ್ನೂ ಆಡಿಸೋಣ, ಇನ್ನೊಂದು ಕಂಪನಿಯ ಕೆಲಸವನ್ನೂ ಹಿಡಿಯುತ್ತೇನೆ ಎಂದು ನಿಂತ ಕಾಲಲ್ಲೇ ಲೆಕ್ಕ ಹಾಕತೊಡಗಿದ. ಅವಳಿಗೆ ಸಿಟ್ಟು ಬಂತು. ಹಿಂದಿನ ತಿಂಗಳು ನಿದ್ದೆಗೆಟ್ಟು ಕೆಲಸಕ್ಕೆ ಹೋಗಿ, ಲಿಫ್ಟಿನ ಬಾವಿಯಲ್ಲಿ ಬೆಲ್ಟು ಸಿಕ್ಕಿಸಿಕೊಳ್ಳುವುದನ್ನೇ ಮರೆತು, ಜೊತೆಗಾರ ಕೂಗಿದ ಮೇಲೆ ಎಚ್ಚೆತ್ತವನು ಇವನೇ.

"ನೀವು ಬಿದ್ರೆ ಇಬ್ಬರನ್ನೂ ಹೇಗೆ ಆಡಿಸ್ಲಿ ನಾನು?" ಎಂದಳು.

ಅವನು ಲೆಕ್ಕ ಹಾಕುವುದನ್ನು ನಿಲ್ಲಿಸಿದ.

ಅವಳು ಕೋಚ್ ಹತ್ತಿರ ಹೋಗಿ, ನಾಚಿಕೆ ಬದಿಗಿಟ್ಟು, ಇಬ್ಬರನ್ನೂ ಸೇರಿಸಿದರೆ ಏನಾದರೂ ಕಡಿಮೆ ಮಾಡಿಸಬಹುದೇ ಎಂದು ಕೇಳಿದಳು. ಹಾಲ್ ತನ್ನದಲ್ಲ, ತಾನೂ ಸಂಬಳದವನೇ ಎಂದ ಅವನು. ಮಾಲೀಕರನ್ನು ಈಗಾಗಲೇ ಕೇಳಿ ಇಲ್ಲ ಅನ್ನಿಸಿಕೊಂಡಿದ್ದ. ನೆಟ್ಟಿನ ದಾರ ಬಿಗಿಯುತ್ತ, ಅವಳ ಕಡೆ ನೋಡದೆ, "ನನಗೂ ಒಬ್ಬ ಮಗಳಿದ್ದಾಳೆ ಮೇಡಂ. ಅವಳು ಆಡಲ್ಲ. ನನ್ನ ಸಂಬಳದಲ್ಲಿ ಅವಳನ್ನ ಇಲ್ಲಿ ಸೇರಿಸೋಕೆ ಆಗಲ್ಲ" ಎಂದ. ಆಮೇಲೆ ಅವಳಿಗೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವ ಸುಖವೂ ಉಳಿಯಲಿಲ್ಲ.

ದೊಡ್ಡವಳಿಗೆ ವಿಷಯ ಗೊತ್ತಾದದ್ದು ಯಾರ ಬಾಯಿಂದಲೂ ಅಲ್ಲ. ಒಂದು ಸಂಜೆ ಅವಳ ಜೊತೆಗಾತಿ ಬಂದಿರಲಿಲ್ಲ. ಕೋಚ್ ಚಿಕ್ಕವಳನ್ನು ಎದುರಿಗೆ ನಿಲ್ಲಿಸಿದ. ಹಲ್ಲಕ್ಕ ಕೆಲಸ ಮುಗಿಸಿ ಹಾಲ್‌ಗೆ ಬರುವಷ್ಟರಲ್ಲಿ ಅಕ್ಕತಂಗಿಯರ ಆಟ ನಡೆದಿತ್ತು. ಪಕ್ಕದ ಕೋರ್ಟಿನವರು ಆಡುವುದು ಬಿಟ್ಟು ನೋಡುತ್ತಿದ್ದರು. ದೊಡ್ಡವಳು ಎತ್ತರದಿಂದ ರಪ್ಪೆಂದು ಹೊಡೆದರೂ ಶಟಲ್ ವಾಪಸ್ ಬರುತ್ತಿತ್ತು. ಮೂಲೆಗೆ ಹಾಕಿದರೂ ಬರುತ್ತಿತ್ತು. ಚಿಕ್ಕವಳು ಓಡುತ್ತಿರುವಂತೆಯೇ ಕಾಣುತ್ತಿರಲಿಲ್ಲ. ಶಟಲ್ ಎಲ್ಲಿ ಬೀಳುತ್ತದೋ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದಳು. ಕೊನೆಗೆ ಗೆದ್ದದ್ದು ದೊಡ್ಡವಳೇ, ಆದರೆ ತೀರಾ ಕಷ್ಟಪಟ್ಟು. ಗೆದ್ದವಳ ಮುಖದಲ್ಲಿ ರಕ್ತವಿರಲಿಲ್ಲ. ಸೋತವಳು ಇನ್ನೊಂದ್ಸಲ ಆಡೋಣ ಅಕ್ಕಾ ಎಂದು ಕುಣಿಯುತ್ತಿದ್ದಳು.

ಬಸ್ಸಿನಲ್ಲಿ ದೊಡ್ಡವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮನೆಗೆ ಬಂದವಳೇ ಚೀಲ ಕೆಳಗಿಡದೆ, ಕೋಚ್ ಇವಳ ಬಗ್ಗೆ ಏನು ಹೇಳಿದ್ದಾರೆ ಎಂದು ಕೇಳಿದಳು. ಏನೂ ಇಲ್ಲ ಎಂದಳು ಹಲ್ಲಕ್ಕ. ಅಷ್ಟರಲ್ಲಿ ಚಿಕ್ಕವಳು ಯಾರೂ ಕೇಳದೆಯೇ, ತನಗೆ ಆಡುವುದು ಇಷ್ಟವಿಲ್ಲ, ಕಾಲು ನೋಯುತ್ತದೆ ಎಂದುಬಿಟ್ಟಳು. ಹತ್ತು ವರ್ಷದ ಮಗು ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಕೇಳಿ ಅಪ್ಪ ಅಮ್ಮ ಇಬ್ಬರ ಮುಖವೂ ಕಪ್ಪಿಟ್ಟಿತು. ಇಷ್ಟು ದಿನ ಅವಳಿಗೆ ಏನೂ ಗೊತ್ತಿಲ್ಲ ಎಂದುಕೊಂಡಿದ್ದರು.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಹಲ್ಲಕ್ಕ ಇಬ್ಬರನ್ನೂ ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದಳು. ಅಕಾಡೆಮಿ ಬಿಟ್ಟು ಇಬ್ಬರೂ ಊರಿನ ಹಳೆಯ ಸಾರ್ವಜನಿಕ ಹಾಲ್‌ನಲ್ಲಿ ಆಡಬಹುದು, ಅಲ್ಲಿ ಸಿಮೆಂಟ್ ನೆಲ, ಕೋಚ್ ಇಲ್ಲ, ಆದರೆ ಇಬ್ಬರಿಗೂ ಆಗುತ್ತದೆ ಎಂದಳು. ನ್ಯಾಯವಾದ ದಾರಿ ಎಂದರೆ ಅದೇ ಎಂದು ಅವಳಿಗೆ ಅನ್ನಿಸಿತ್ತು.

"ಹಾಗಾದ್ರೆ ಇಬ್ಬರೂ ಏನೂ ಆಗಲ್ಲ" ಎಂದಳು ದೊಡ್ಡವಳು.

ಆಮೇಲೆ ಅವಳೇ ಒಂದು ದಾರಿ ಹೇಳಿದಳು. ಜೂನಿಯರ್ ತಂಡದ ಆಯ್ಕೆ ಹತ್ತಿರದಲ್ಲಿತ್ತು. ಅದರಲ್ಲಿ ಆಯ್ಕೆಯಾದರೆ ತಾನೇ ಆಡುತ್ತೇನೆ, ಆಗದಿದ್ದರೆ ಬಿಡುತ್ತೇನೆ, ಚಿಕ್ಕವಳು ಸೇರಲಿ. ಹದಿನಾಲ್ಕರ ಹುಡುಗಿ ಅಂಗಡಿಯವನ ಹತ್ತಿರ ವ್ಯವಹಾರ ಮಾತಾಡುವಂತೆ ಮಾತಾಡಿದಳು. ಆಯ್ಕೆಯಾದರೆ ಖರ್ಚೇನೂ ಇಳಿಯುತ್ತಿರಲಿಲ್ಲ. ಶಿಬಿರಕ್ಕೆ, ಪ್ರಯಾಣಕ್ಕೆ, ಬಟ್ಟೆಬರೆಗೆ ಎಲ್ಲಕ್ಕೂ ಮನೆಯವರೇ ಹಾಕಬೇಕಿತ್ತು. ಆಮೇಲೆ ಚಿಕ್ಕವಳ ಮಾತೆತ್ತುವ ಹಾಗೇ ಇರಲಿಲ್ಲ. ಎಲ್ಲರಿಗೂ ಅದು ಗೊತ್ತಿತ್ತು. ಆದರೂ ಆಗಲಿ ಎಂದರು.

ಅಂದಿನಿಂದ ದೊಡ್ಡವಳು ಹಸಿದವಳಂತೆ ಆಡಿದಳು. ಎಲ್ಲರಿಗಿಂತ ಮೊದಲು ಹಾಲ್‌ಗೆ ಹೋಗಿ, ದೀಪ ಆರಿಸುವಾಗ ಹೊರಗೆ ಬರುವಳು. ಮಂಡಿಗೆ ಪಟ್ಟಿ ಕಟ್ಟಿಕೊಂಡು ಮತ್ತೆ ಇಳಿಯುವಳು. ತಂಗಿಯನ್ನು ಜೊತೆಗೆ ಕರೆದುಕೊಂಡು ಹೋಗುವುದನ್ನು ನಿಲ್ಲಿಸಿದಳು. ಚಿಕ್ಕವಳು ಶಾಲೆ ಬಿಟ್ಟ ಮೇಲೆ ಲ್ಯಾಬಿಗೆ ಬಂದು, ಅಮ್ಮನ ಮೇಜಿನ ಪಕ್ಕ ಕೂತು, ಪ್ಲಾಸ್ಟರ್ ಅಚ್ಚುಗಳ ದವಡೆಗಳನ್ನು ಒಂದಕ್ಕೊಂದು ಮಾತಾಡಿಸುತ್ತಿದ್ದಳು. ಆಗಾಗ ಅವಳ ಬಲಗೈ ಮಣಿಕಟ್ಟು ತಾನಾಗಿಯೇ ತಿರುಗುತ್ತಿತ್ತು. ಹಲ್ಲಕ್ಕ ಅದನ್ನು ನೋಡಿ ನೋಡದ ಹಾಗೆ ಮೇಣ ಕಾಯಿಸುವಳು. ಯಾರ ಪರವಾಗಿ ಬೇಡಿಕೊಳ್ಳಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ. ದೊಡ್ಡವಳ ಪಟ್ಟಿ ಕಟ್ಟಿದ ಕಾಲು ನೋಡಿದರೆ ಇವಳಿಗೇ ಆಗಲಿ ಅನ್ನಿಸುವುದು, ಚಿಕ್ಕವಳ ಕೈ ನೋಡಿದರೆ ಕರುಳು ಇನ್ನೊಂದು ಕಡೆ ಎಳೆಯುವುದು.

ಆಯ್ಕೆ ಪಂದ್ಯದ ದಿನ ಲಿಫ್ಟಣ್ಣ ಒಂದು ಆಸ್ಪತ್ರೆಯ ಲಿಫ್ಟಿಗೆ ಹೋಗಲೇಬೇಕಾಯಿತು. ಹಲ್ಲಕ್ಕ ಒಬ್ಬಳೇ ಹೋಗಿ ಗ್ಯಾಲರಿಯ ಮೊದಲ ಸಾಲಿನಲ್ಲಿ ಕೂತಳು. ಸುತ್ತ ಬೇರೆ ಮಕ್ಕಳ ತಾಯಂದಿರು ಹೋಟೆಲುಗಳ ಬಗ್ಗೆ, ಹೊರದೇಶದ ಶಿಬಿರಗಳ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು. ದೊಡ್ಡವಳು ಮೊದಲ ಪಂದ್ಯ ಗೆದ್ದಳು, ಎರಡನೆಯದೂ ಗೆದ್ದಳು. ಇನ್ನೊಂದು ಗೆದ್ದರೆ ತಂಡದಲ್ಲಿ ಜಾಗ.

ಆ ಪಂದ್ಯ ಕೊನೆಯ ಗೇಮಿಗೆ ಬಂತು. ಇಬ್ಬರೂ ಸಮಸಮ. ಒಂದೊಂದು ಪಾಯಿಂಟಿಗೂ ಹಲ್ಲಕ್ಕ ಅರ್ಧ ಎದ್ದು ಮತ್ತೆ ಕೂರುತ್ತಿದ್ದಳು. ಎದುರಿನ ಹುಡುಗಿ ಒಂದು ಪಾಯಿಂಟ್ ಮುಂದೆ ಹೋದಳು, ಇನ್ನೊಂದು ಬಂದರೆ ಪಂದ್ಯ ಅವಳದು. ಆಮೇಲೆ ಅವಳು ಎತ್ತಿ ಹಾಕಿದ ಶಟಲ್ ಹಿಂದಿನ ಗೆರೆಯ ಕಡೆ ಇಳಿಯುತ್ತ ಬಂತು. ಹೊರಗೆ ಬೀಳುತ್ತದೆ ಎಂದು ದೊಡ್ಡವಳು ರಾಕೆಟ್ ತಗ್ಗಿಸಿ ಬಿಟ್ಟುಕೊಟ್ಟಳು. ಅದು ಗೆರೆಯ ಮೇಲೆ ಬಿತ್ತು, ಗೆರೆ ಎಂದರೆ ಒಳಗೇ.

ಆ ಗಳಿಗೆಯಲ್ಲಿ ಹಲ್ಲಕ್ಕನ ಎದೆಯಿಂದ ಒಂದು ದೊಡ್ಡ ಉಸಿರು ಹೊರಬಿತ್ತು. ಹೆಗಲು ಹಗುರಾಯಿತು. ಏನು ನಡೆದಿದೆ ಎಂದು ಅವಳಿಗೆ ತಿಳಿಯುವ ಮುಂಚೆಯೇ ಅವಳ ಮೈ ತಿಳಿದುಕೊಂಡಿತ್ತು. ಮರುಕ್ಷಣವೇ ಕಣ್ಣು ತುಂಬಿ ಬಂತು, ಮಗಳ ಹತ್ತಿರ ಓಡಬೇಕು ಅನ್ನಿಸಿತು. ಆದರೆ ಉಸಿರು ಬಿಟ್ಟಾಗಿತ್ತು. ಕೆಳಗೆ ದೊಡ್ಡವಳು ಗೆರೆಯನ್ನು ನೋಡುತ್ತಿರಲಿಲ್ಲ, ಅಂಪೈರ್‌ನನ್ನೂ ನೋಡುತ್ತಿರಲಿಲ್ಲ. ಅಮ್ಮನನ್ನು ನೋಡುತ್ತಿದ್ದಳು.

ಹೊರಗೆ ಬಂದ ಮೇಲೆ ಹಲ್ಲಕ್ಕ ಅವಳ ಬೆನ್ನು ಸವರಲು ಹೋದಳು. ಮಗಳು ಪಕ್ಕಕ್ಕೆ ಸರಿದಳು.

"ಅಮ್ಮ, ಶಟಲ್ ಬಿದ್ದಾಗ ನೀನು ಉಸಿರು ಬಿಟ್ಟೆ. ನಾನು ನೋಡ್ದೆ."

ಸುಳ್ಳು ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದೂ ಇತ್ತು. ಅವಳು "ಹೌದು" ಎಂದಳು. ಮಗಳು ತಲೆಯಾಡಿಸಿ ಬಸ್ ಸ್ಟಾಪಿನ ಕಡೆ ಮುಂದೆ ಮುಂದೆ ನಡೆದಳು.

ಮಾತು ಕೊಟ್ಟ ಹಾಗೆಯೇ ಎಲ್ಲ ಆಯಿತು. ದೊಡ್ಡವಳು ಅಕಾಡೆಮಿ ಬಿಟ್ಟಳು, ಚಿಕ್ಕವಳು ಸೇರಿದಳು. ಅಕ್ಕನ ರಾಕೆಟ್ ಭಾರವೆಂದು ಅವಳಿಗೆ ಹೊಸದು ಬೇಕಾಯಿತು. ಲಿಫ್ಟಣ್ಣ ಮತ್ತೆ ರಜೆಯ ದಿನಗಳಲ್ಲಿ ಓಡತೊಡಗಿದ. ದೊಡ್ಡವಳು ಜಗಳವನ್ನೇನೂ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು ಎಂದು ಹಲ್ಲಕ್ಕನಿಗೆ ಅನ್ನಿಸುತ್ತಿತ್ತು. ಕೇಳಿದ್ದಕ್ಕೆ ಉತ್ತರ, ಬಡಿಸಿದ್ದಕ್ಕೆ ಊಟ, ಅಷ್ಟೇ. ಸಂಜೆಯ ಹೊತ್ತು ಕಳೆಯುವುದು ಹೇಗೆಂದು ತಿಳಿಯದೆ ಒಳಗೂ ಹೊರಗೂ ಓಡಾಡುವಳು. ತಂಗಿಯನ್ನು ಅಕಾಡೆಮಿಗೆ ಬಿಟ್ಟು ಕರೆತರುವ ಕೆಲಸವನ್ನು ತಾನಾಗಿಯೇ ಮೈಮೇಲೆ ಎಳೆದುಕೊಂಡಳು. ಅಲ್ಲಿ ಬದಿಗೆ ನಿಂತು, ಮೊಣಕೈ ಮೇಲೆತ್ತು, ನಿದ್ದೆ ಮಾಡ್ತಿದ್ದೀಯಾ ಎಂದು ತಂಗಿಯನ್ನು ಗದರುವಳು. ಕೋಚ್ ನಾನೋ ಅವಳೋ ಗೊತ್ತಾಗುತ್ತಿಲ್ಲ ಎಂದು ಕೋಚ್ ಒಮ್ಮೆ ಹಲ್ಲಕ್ಕನ ಹತ್ತಿರ ನಕ್ಕ. ಹಲ್ಲಕ್ಕ ನಕ್ಕು, ದಾರಿಯುದ್ದಕ್ಕೂ ಅದನ್ನೇ ನೆನೆಸಿಕೊಂಡು ಬಂದಳು. ಅದು ಪ್ರೀತಿಯೋ, ತಾನು ಆಡಲಾಗದ ಹೊಟ್ಟೆಯುರಿಯೋ, ಎರಡೂ ಸೇರಿದ್ದೋ?

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಅವಳು ಒಣಗಿದ ಬಟ್ಟೆ ತರಲು ತಾರಸಿಗೆ ಹೋದಳು. ಬಟ್ಟೆ ಒಣಹಾಕುವ ಹಗ್ಗವನ್ನೇ ನೆಟ್ ಮಾಡಿಕೊಂಡು ದೊಡ್ಡವಳು ಪಕ್ಕದ ಮನೆಯ ಹುಡುಗಿಯರ ಜೊತೆ ಆಡುತ್ತಿದ್ದಳು. ಪ್ಲಾಸ್ಟಿಕ್ ಶಟಲ್. ಗಾಳಿಗೆ ಅದು ಎಲ್ಲೆಲ್ಲೋ ಹೋಗುತ್ತಿತ್ತು, ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಅಮ್ಮನನ್ನು ಕಂಡು ದೊಡ್ಡವಳ ನಗು ನಿಂತಿತು. ಹಲ್ಲಕ್ಕ ಬಟ್ಟೆ ಎತ್ತಿಕೊಂಡು ಬೇಗ ಇಳಿದುಹೋಗೋಣವೆಂದು ಕೈ ಚುರುಕು ಮಾಡಿದಳು. ಹುಡುಗಿಯರು ಊಟಕ್ಕೆಂದು ಹೊರಟುಹೋದರು. ದೊಡ್ಡವಳು ಸ್ವಲ್ಪ ಹೊತ್ತು ಶಟಲ್ಲನ್ನು ರಾಕೆಟ್ ಮೇಲೆ ಕುಣಿಸುತ್ತ ನಿಂತಿದ್ದು, ಕೆಳಗೆ ಬಿದ್ದಿದ್ದ ಇನ್ನೊಂದು ರಾಕೆಟ್ಟನ್ನು ಕಾಲಿಂದ ಅಮ್ಮನ ಕಡೆ ತಳ್ಳಿದಳು.

ಅಷ್ಟು ವರ್ಷ ಕೋರ್ಟಿನ ಬದಿಯಲ್ಲಿ ಕೂತವಳು ಒಮ್ಮೆಯೂ ರಾಕೆಟ್ ಹಿಡಿದು ಆಡಿರಲಿಲ್ಲ. ಬಟ್ಟೆಯನ್ನು ನೀರಿನ ಟ್ಯಾಂಕಿನ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಮೊದಲನೆಯದು ತಲೆಯ ಮೇಲಿಂದ ಹಾರಿಹೋಯಿತು. ಎರಡನೆಯದು ನೇರ ಎದೆಗೆ ಬಂದು ಬಡಿಯಿತು, ಚುರುಕ್ ಎಂದಿತು. ಕೈತಪ್ಪಿ ಬಂತೋ, ಬೇಕೆಂದೇ ಹೊಡೆದಳೋ, ಹಲ್ಲಕ್ಕ ಕೇಳಲಿಲ್ಲ. ಬಗ್ಗಿ ಶಟಲ್ ಎತ್ತಿ ಹಗ್ಗದ ಆಚೆ ಎಸೆದು, "ಹ್ಞೂಂ, ಇನ್ನೊಂದು ಹಾಕು" ಎಂದಳು.

ಮಗಳು ರಾಕೆಟ್ ಎತ್ತಿದಳು.