ನಾನು ಎಂದ ಮೇಲೆ

ಲೋಕ ಇನ್ನೂ ನೆಟ್ಟಗೆ ನಿಂತಿರುವುದು ಕರ್ತೃಪದಕ್ಕೆ ಕ್ರಿಯಾಪದ ಹೊಂದಿಕೊಂಡು ನಡೆಯುವುದರಿಂದ. ಅದು ತಪ್ಪಿದ ದಿನ ಮನೆ, ಬೀದಿ, ಸರ್ಕಾರ ಯಾವುದೂ ಉಳಿಯುವುದಿಲ್ಲ. ಹಾಗೆಂದು ನಂಬಿದ್ದವರು ನಿವೃತ್ತ ವ್ಯಾಕರಣದ ಟೀಚರು. ಭಾನುವಾರ ಬೆಳಿಗ್ಗೆ ಚರ್ಚಿನ ಅಂಗಳದಲ್ಲಿ ಕ್ಷೇಮ ವಿಚಾರಿಸಿದವರ ವಾಕ್ಯವನ್ನೂ ತಿದ್ದಿಯೇ ಉತ್ತರ ಕೊಡುತ್ತಿದ್ದರು. ಸಭೆಯ ಪರವಾಗಿ ಪಾಪನಿವೇದನೆಯ ಪ್ರಾರ್ಥನೆ ಓದುವ ಕೆಲಸವೂ ಅವರದೇ. ‘ನಾವು’ ಎನ್ನುವಾಗ, ಹಾಜರಿ ಕೂಗುವವರಂತೆ, ಎಲ್ಲರ ಮೇಲೂ ಒಮ್ಮೆ ಕಣ್ಣಾಡಿಸುತ್ತಿದ್ದರು. ಆ ಬಹುವಚನದೊಳಗೆ ತಾವೂ ಸೇರಿರಬಹುದೆಂಬ ಗುಮಾನಿ ಅವರಿಗೆ ಬಂದಂತಿರಲಿಲ್ಲ.

ಒಂದು ಭಾನುವಾರ ಪಾದ್ರಿಗಳು ಅವರನ್ನು ಚರ್ಚಿನ ಬಾಗಿಲಲ್ಲೇ ತಡೆದರು. ಪಕ್ಕದಲ್ಲಿ ಟೀಚರ ತಮ್ಮ, ಕುಡಿತ ಬಿಡಿಸುವ ಆಸ್ಪತ್ರೆಯಿಂದ ಆಗಷ್ಟೇ ಹೊರಬಂದವನು, ಬಟ್ಟೆಯ ಚೀಲ ಹಿಡಿದು ನಿಂತಿದ್ದ.

“ಟೀಚರೇ, ಇವರಿಗೆ ಹೋಗೋಕೆ ಜಾಗ ಇಲ್ಲ. ನಿಮ್ಮನೆ ಹಿಂದಿನ ರೂಮು ಖಾಲಿ ಇದೆಯಲ್ಲ?”

“ಖಾಲಿ ಇದ್ರೆ ಇರ್ಲಿ ಪಾದ್ರಿಗಳೇ. ಅಮ್ಮನ ಮಣ್ಣಿನ ದಿನ ಕುಡಿದು ಬಂದು ಪೆಟ್ಟಿಗೆ ಮೇಲೇ ಬಿದ್ದೋನು ಇವ್ನು. ಮೂರು ಸಲ ಬಿಟ್ಟ, ನಾಲ್ಕು ಸಲ ಹಿಡಿದ.”

“ಲೆಕ್ಕ ಸರಿಯಾಗಿದೆ ಅಕ್ಕಾ,” ಎಂದ ತಮ್ಮ. “ಈ ಸಲ ಬಿಟ್ಟೇಬಿಡ್ತೀನಿ ಅಂತ ಆಣೆ ಮಾಡಲ್ಲ. ನನ್ನ ಆಣೆ ಮೇಲೆ ನಂಗೇ ನಂಬಿಕೆ ಇಲ್ಲ. ನೀನು ಬೇಡ ಅಂದ್ರೆ ಹಳೇ ಗೆಳೆಯರ ರೂಮಿದೆ. ಅಲ್ಲಿಗೆ ಹೋದ್ರೆ ಸಂಜೆಯೊಳಗೆ ಕೈಗೆ ಗ್ಲಾಸು ಬರತ್ತೆ, ಅಷ್ಟೇ.”

“ಅರ್ಹತೆ ಅಂತ ಒಂದಿರತ್ತೆ. ಅದನ್ನ ಸಂಪಾದಿಸಿಕೊಂಡು ಬಾ.”

“ಅದಿದ್ದಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ?”

ಟೀಚರು ಒಳಗೆ ನಡೆದರು. ತಮ್ಮ ಕೊನೆಯ ಬೆಂಚಿನಲ್ಲಿ ಕುಳಿತ.

ಪ್ರಾರ್ಥನೆಗೆ ಎದ್ದು ನಿಂತಾಗಲೂ ಟೀಚರ ಕಣ್ಣು ಕೊನೆಯ ಬೆಂಚಿನತ್ತಲೇ ಹೋಗುತ್ತಿತ್ತು. ಬಾಯಿ ತಪ್ಪಿ, ಪ್ರಾರ್ಥನೆಯ ಪುಸ್ತಕದಲ್ಲಿ ‘ನಾವು’ ಎಂದಿದ್ದಲ್ಲಿ “ದೇವರೇ, ನಾನು...” ಎಂದುಬಿಟ್ಟರು.

ಬೇರೆ ಯಾರಾದರೂ ಆಗಿದ್ದರೆ ಹಾಗೇ ತೇಲಿಸಿಕೊಂಡು ಹೋಗುತ್ತಿದ್ದರು. ಆದರೆ ‘ನಾನು’ ಎಂದ ಮೇಲೆ ‘ಮಾಡಿದ್ದೇವೆ’ ಎನ್ನುವುದು ಪ್ರಾಣ ಹೋದರೂ ಟೀಚರಿಂದಾಗದ ಕೆಲಸ. “...ಪಾಪ ಮಾಡಿದ್ದೇನೆ” ಎಂದರು. ಒಮ್ಮೆ ಏಕವಚನ ಹಿಡಿದ ಮೇಲೆ ನಡುದಾರಿಯಲ್ಲಿ ಬಿಡುವುದೂ ತಪ್ಪೇ. “ನನ್ನನ್ನು ನಾನೇ ಒಳ್ಳೆಯವಳೆಂದುಕೊಂಡಿದ್ದೇನೆ.” ಕನ್ನಡಕ ಮಂಜಾಯಿತು. “ಬಾಗಿಲಿಗೆ ಬಂದವನನ್ನು...”

ಪುಸ್ತಕದಲ್ಲಿ ‘ಬಂದವರನ್ನು’ ಎಂದಿತ್ತು. ಓದು ಅಲ್ಲಿಗೇ ನಿಂತಿತು.

ಯಾರೋ ಕೆಮ್ಮಿದರು. ಪಾದ್ರಿಗಳು ನೆಲ ನೋಡತೊಡಗಿದರು. ಕೊನೆಯ ಬೆಂಚಿನಲ್ಲಿ ತಮ್ಮ ಎದ್ದು ನಿಂತ.

“ನಿಲ್ಲಿಸಬೇಡ ಅಕ್ಕಾ,” ಎಂದ ಮೆಲ್ಲಗೆ. “ಕೆಳಗಡೆ ನೋಡು, ಕೃಪೆ ಇನ್ನೂ ಬಾಕಿ ಇದೆ.”

ಟೀಚರು ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡರು. ಬೆರಳಿಟ್ಟು, ಒಂದನೇ ಕ್ಲಾಸಿನ ಮಗುವಿನ ಹಾಗೆ ಪದ ಪದ ಬಿಡಿಸಿ ಓದಿದರು: “ನನ್ನ ಅರ್ಹತೆಯಿಂದಲ್ಲ, ನಿನ್ನ ಕೃಪೆಯಿಂದಲೇ ಬದುಕಿದ್ದೇನೆ.”

“ಆಮೆನ್” ಎಂದ ತಮ್ಮ, ಎಲ್ಲರಿಗಿಂತ ಮುಂಚೆ.

ಸಂಜೆ ಅವನು ಗೆಳೆಯರ ರೂಮಿಗೆ ಹೋಗಲಿಲ್ಲ. ಅಕ್ಕನ ಮನೆಯಲ್ಲಿ ಉಳಿದ.