ಎಳೆಗೂಸನ್ನು ಎತ್ತುವ ಮಾತು

ನನ್ನ ಯಜಮಾನರಾದ ಸೋಮಲಿಂಗಪ್ಪನವರನ್ನು ಅಮೆರಿಕದ ಫೇರ್‌ಫ್ಯಾಕ್ಸ್‌ನ ಆಸ್ಪತ್ರೆಗೆ ಸೇರಿಸಿ ಒಂಬತ್ತು ದಿನಗಳಾಗಿದ್ದವು. ಅದು ೨೦೨೦ರ ಡಿಸೆಂಬರ್. ಕೋವಿಡ್ ವಾರ್ಡಿನೊಳಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಸ್ಕ್ಯಾನ್ ಮಾಡುವಾಗ ಅವರ ಕೊರಳಿನ ಇಷ್ಟಲಿಂಗವನ್ನು ತೆಗೆದು ಬಟ್ಟೆಯ ಜೊತೆ ಚೀಲದಲ್ಲಿ ಹಾಕಿದ್ದರು. ಅರವತ್ತು ವರ್ಷ ಮೈಯಿಂದ ಅಗಲದೆ ಇದ್ದ ಲಿಂಗ. ಇನ್ನು ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ನನಗೆ ಒಂದೇ ಚಿಂತೆಯಾಯಿತು. ಲಿಂಗವು ಅವರ ಎಡ ಅಂಗೈಗೆ ಸೇರಬೇಕು, ಅದರೊಂದಿಗೇ ಅವರು ಮಣ್ಣಿಗೆ ಹೋಗಬೇಕು.

ಲಿಂಗವನ್ನು ಕೈಯಲ್ಲಿಡಿ ಎಂದು ಕೇಳಿಕೊಳ್ಳಲು ಮಗಳು ಶ್ರೀದೇವಿ ವಾರ್ಡಿನ ನರ್ಸಿಗೆ ಫೋನ್ ಮಾಡಿದಳು. ಲೊರೀನಾ ಎಂಬ ಆ ನರ್ಸ್ ಅರಿಜೋನಾದಿಂದ ಬಂದವಳು, ಈ ನೆಲದ ಮೂಲಜನರಾದ ನವಾಹೋ ಪೈಕಿ.

"ಯವ್ವಾ, ಅದು ಎಂಥಾದ್ದು ಅಂತ ಕೇಳ್ಲಿಕ್ಕತ್ತಾಳ. ಗುಂಡಗಿನ ಕಲ್ಲೇನು, ದಾರದಂಥಾದ್ದೇನು?"

"ಅಕಿಗ್ಯಾಕ ಬೇಕವ್ವಾ ಅದೆಲ್ಲಾ?"

"ಅವರ ಮಾತಿನ್ಯಾಗ ಸುಮ್ನ 'ಎತ್ತಿಡು' ಅನ್ನಾಕ ಬರೂದಿಲ್ಲಂತ. ಗುಂಡಂದಕ್ಕ ಒಂದು ಮಾತು, ಹಗ್ಗಕ್ಕ ಒಂದು, ಜೀವ ಇದ್ದದ್ದಕ್ಕ ಇನ್ನೊಂದು. ಅವರ ಮಾತು ಅಥಬಾಸ್ಕನ್ ಅನ್ನೋ ಭಾಷಾ ಕುಲದ್ದು, ಅದು ಹಂಗಂತ. ಇಂಥಾ ಕೆಲಸ ತನ್ನ ಮಾತಿನ್ಯಾಗ ಹೇಳಿಕೊಂಡ ಮಾಡತಾಳಂತ."

"ಕಲ್ಲು ಅನ್ನಬ್ಯಾಡ. ಜೀವ ಅದ ಅನ್ನು."

ಶ್ರೀದೇವಿ ಹಾಗೆಯೇ ಹೇಳಿದಳು. ಆ ಕಡೆ ಲೊರೀನಾ ಮೆಲ್ಲನೆ ನಕ್ಕದ್ದು ಕೇಳಿಸಿತು.

"ಹಂಗಾದ್ರ ಎಳೆಗೂಸು ಎತ್ತೋ ಮಾತು ಬಳಸತೀನಿ ಅಂತಾಳ. ಕೂಸಿಗೆ ಹಾಲು ಗೀಲು ಬೇಕಾದ್ರ ಈಗ್ಲೇ ಹೇಳಬೇಕಂತ."

ನನಗೂ ನಗು ಬಂತು. ಅದರ ಹಿಂದೆಯೇ ಅಳು.

ಮರುದಿನ ಬೆಳಿಗ್ಗೆ ಅವರು ಲಿಂಗೈಕ್ಯರಾದರು. ಲಿಂಗವನ್ನು ಕೈಯಲ್ಲಿಟ್ಟೆಯಾ ಎಂದು ಕೇಳಲು ಲೊರೀನಾಳಿಗೆ ಫೋನ್ ಮಾಡಿಸಿದೆ. "'ತೀರಿಹೋದವರ ಸುದ್ದಿ ನಾಲ್ಕು ದಿನ ನಾವು ಆಡೂದಿಲ್ಲ, ಕ್ಷಮಿಸ್ರಿ' ಅಂದು ಫೋನ್ ಇಟ್ಟುಬಿಟ್ಲು" ಎಂದಳು ಮಗಳು.

"'ಇಟ್ಟೀನಿ' ಇಲ್ಲಾ 'ಇಟ್ಟಿಲ್ಲ', ಇಷ್ಟು ಹೇಳಾಕ ಏನು ಬ್ಯಾನಿ ಅಕಿಗೆ?" ಎಂದೆ.

ವಾರ್ಡಿನ ಉಳಿದವರಿಗೆ ಏನೂ ಗೊತ್ತಿರಲಿಲ್ಲ. ಶವಪೆಟ್ಟಿಗೆಯನ್ನು ಮುಚ್ಚಿಯೇ ತಂದರು, ತೆರೆಯುವುದಿಲ್ಲವೆಂದರು. ಮೂರನೆಯ ದಿನ, ಸ್ವಾಮಿಗಳು ಫೋನಿನಲ್ಲಿ ಮಂತ್ರ ಹೇಳುತ್ತಿರಲು, ಮುಚ್ಚಳದ ಮೇಲೆ ವಿಭೂತಿ ಹಚ್ಚಿದೆ. ಒಳಗಿನ ಕೈ ಬರಿದೋ ತುಂಬಿದೆಯೋ ತಿಳಿಯದೆ ಮಣ್ಣು ಹಾಕಿದೆ. ದೇವರ ಮೇಲೆ ಸಿಟ್ಟು ಬಂದದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ.

ಐದನೆಯ ದಿನ ಲೊರೀನಾ ತಾನೇ ಫೋನ್ ಮಾಡಿದಳು. ಶ್ರೀದೇವಿ ಕೇಳಿಕೊಂಡು ನನಗೆ ಹೇಳಿದಳು.

"ನಾವು ಕೇಳಿದ ದಿನಾನೇ ಇಟ್ಟಾಳಂತ. ಉಸಿರು ಹೋದಮ್ಯಾಲ ಮುಟ್ಟಾಕ ಅವರ ಮಂದಿ ಅಂಜತಾರಂತ, ಅದಕ್ಕ ಅವಸರ ಮಾಡಿದೆ ಅಂತಾಳ. ಎಡಗೈಯಾಗ ಇಟ್ಟು, ಬೆರಳು ಮಡಚಿ, ಬಟ್ಟಿ ಸುತ್ತಿ ಬಿಟ್ಟಾಳ. ಯಾರೂ ಬಿಚ್ಚಿಲ್ಲ."

"ಅವರಿಗೆ ಎಚ್ಚರ ಇತ್ತೇನು? ಲಿಂಗ ಬಂತು ಅಂತ ತಿಳೀತೇನು?"

ಶ್ರೀದೇವಿ ಕೇಳಿದಳು.

"ಸುಮ್ನದಾಳ, ಯವ್ವಾ. ಮತ್ತ ಕೇಳ್ಲೇನು?"

"ಬ್ಯಾಡ. ಶರಣು ಅಂತ ಹೇಳಿ ಫೋನ್ ಇಡು."

ಸ್ನಾನ ಮಾಡಿ ಪೂಜೆಗೆ ಕುಳಿತೆ. ನನ್ನ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಬೆರಳು ಮಡಚಿದೆ. ಪತ್ರೆ ಏರಿಸಲು ಕೈ ಬಿಚ್ಚಬೇಕಿತ್ತು. ಅಂದು ಬಿಚ್ಚಲಾಗಲಿಲ್ಲ.